ಮುಂದೆ ಎಂಜಿನ್ ಇಲ್ಲದ ಕಾರು

ತೊಂಬತ್ತು ಪೌಂಡು. ಅದರಲ್ಲಿ ಮೂವತ್ತು ಸಾಲ.
ಹ್ಯಾಲಿಫ್ಯಾಕ್ಸಿನ ಏರುಬೀದಿಯ ತುದಿಯಲ್ಲಿ
ಗಿರಣಿಯಿಂದ ನಿವೃತ್ತನಾದ ಮುದುಕ ಓಲ್ಡ್‌ರಾಯ್ಡ್
ನೋಟುಗಳನ್ನು ಎರಡು ಸಲ ಎಣಿಸಿ
ಬಾನೆಟ್ಟು ಎತ್ತಿ ತೋರಿಸಿದ.
ಒಳಗೆ ಒಂದು ಸ್ಟೆಪ್ನಿ, ಒಂದು ಹರಕು ಕಂಬಳಿ.
ಅಷ್ಟೆ.

ಮೋಸ ಹೋದೆನೆಂದು ಎದೆ ಧಸಕ್ಕೆಂದಿತು.
ಆತ ನಗಲೂ ಇಲ್ಲ, ಹಿಂದಕ್ಕೆ ಕರೆದೊಯ್ದು
ಮುಚ್ಚಳ ತೆಗೆದ: ಎಂಜಿನ್ನು ಅಲ್ಲಿ,
ಬಾಣಂತಿಯ ಮಗ್ಗುಲ ಕೂಸಿನಂತೆ
ಓರೆಯಾಗಿ ಮುದುರಿ ಮಲಗಿತ್ತು.

ಹಿಲ್‌ಮನ್ ಇಂಪ್. ಬಣ್ಣಕ್ಕೆ
ಕಾಗದದಲ್ಲಿ ಏನೋ ದೊಡ್ಡ ಹೆಸರಿತ್ತು;
ನನ್ನ ಕಣ್ಣಿಗೆ ಬೆಟಗೇರಿ ಆಸ್ಪತ್ರೆಯ ಬಾಗಿಲಿನ ಹಸಿರು.
ಅಲ್ಲಿ ಮೂರು ವರ್ಷ ನರ್ಸಿಂಗ್ ಕಲಿತವಳು
ಸೈಕಲ್ಲನ್ನೂ ಹತ್ತಿದವಳಲ್ಲ.
ಇಲ್ಲಿ ಲೈಸೆನ್ಸಿಗೆ ನಾಲ್ಕು ಸಲ ಕೂತೆ.
ಮೂರನೆಯ ಸಲ ನಪಾಸಾದದ್ದು
ಕುರಿಗಳಿಗೆ ಅತಿ ಮರ್ಯಾದೆ ಕೊಟ್ಟು.

ಹೊಸಮನಿ ಎಂಬ ನನ್ನ ಮನೆತನದ ಹೆಸರು
ಅವರ ಬಾಯಲ್ಲಿ ‘ಹ್ಯಾಸ್ ಮನಿ’ ಆಯಿತು.
ಸಿಸ್ಟರ್ ಹ್ಯಾಸ್ ಮನಿ!
ತಿಂಗಳ ಕೊನೆಗೆ ಪೆಟ್ರೋಲಿನವನ ಎದುರು
ಪರ್ಸು ತಲೆಕೆಳಗು ಮಾಡಿ ಚಿಲ್ಲರೆ ಉದುರಿಸುವವಳು.

ಎರಡು ಸೀಟುಗಳ ನಡುವೆ, ನೆಲದಲ್ಲಿ, ಚೋಕಿನ ಹಿಡಿ.
ಪೂರಾ ಎಳೆದರೆ ಮುನಿಸು, ಎಳೆಯದಿದ್ದರೆ ಮೌನ.
ಮುಕ್ಕಾಲು ಎಳೆದು, ಮೂರು ಎಣಿಸಿ,
‘ಏಳವ್ವಾ, ನಮ್ಮವ್ವಾ, ಹೊತ್ತಾತು’ ಅನ್ನಬೇಕು.
ಇಂಗ್ಲಿಷಿನಲ್ಲಿ ಕರೆದರೆ ಏಳುತ್ತಿರಲಿಲ್ಲ.
ಪರೀಕ್ಷಿಸಿ ನೋಡಿಯೇ ಹೇಳುತ್ತಿದ್ದೇನೆ.

ರಜೆಯಲ್ಲಿ ಒಮ್ಮೆ ಸ್ಕಾರ್‌ಬರೊ ಕಡಲಿಗೆ:
ನಾನು, ಐರ್ಲೆಂಡಿನ ಬ್ರೀಡಾ, ಗ್ರೆನಡಾದ ಐವಿ.
ನಡುದಾರಿಯಲ್ಲಿ ನೀರು ಕುದ್ದು ಹಬೆ ಎದ್ದಾಗ
ಫ್ಲಾಸ್ಕಿನ ಚಹಾ ಸುರಿಯೋಣವೇ ಎಂದಳು ಬ್ರೀಡಾ.
ಸಕ್ಕರೆ ಹಾಕಿದೆ, ಬೇಡ, ಎಂದಳು ಐವಿ.
ಹಿಂದಿನ ಗಾಜು ಎತ್ತಿ ಚಿಪ್ಸಿನ ಪೊಟ್ಟಣ ಇಟ್ಟೆವು.
ವಿನಿಗರಿನ ಆ ವಾಸನೆ
ಮುಂದೆ ಏಳು ವರ್ಷ ಇಳಿದು ಹೋಗಲಿಲ್ಲ.

ಅದರ ಮೂತಿ ಹಗುರ. ಗುಡ್ಡದ ಗಾಳಿಗೆ
ಎಮ್ಮೆಗರುವಿನಂತೆ ಅತ್ತಿತ್ತ ತಿರುಗಿಸುವುದು.
ಮುಂದೆ ಭಾರ ಹಾಕು ಹುಡುಗಿ, ಎಂದಿದ್ದ ಓಲ್ಡ್‌ರಾಯ್ಡ್.
ಅರ್ಧ ಮೂಟೆ ಕಲ್ಲಿದ್ದಲು ಹಾಕಿಟ್ಟಿದ್ದೆ.

ಎಪ್ಪತ್ತೆರಡರ ಫೆಬ್ರವರಿ. ಗಣಿಯವರ ಮುಷ್ಕರ.
ಊರಿಗೂರೇ ಕತ್ತಲು.
ಹೆಪ್ಟನ್‌ಸ್ಟಾಲಿನ ಮೇಲಣ ಒಂಟಿ ಮನೆಯಲ್ಲಿ
ಮೇಣದಬತ್ತಿಯ ಬೆಳಕಿಗೆ ಹುಟ್ಟಿತು ಹೆಣ್ಣು ಕೂಸು,
ಐದು ಪೌಂಡು ತೂಕ, ಅವಸರದ್ದು.
ಒಲೆಯಲ್ಲಿ ಕುರ್ಚಿಯ ಕೊನೆಯ ಕಾಲು ಉರಿಯುತ್ತಿತ್ತು.
ಡೋರೀನಳ ಮೈಮೇಲೆ ಮನೆಯ ಕೋಟುಗಳೆಲ್ಲ.

ಹೊರಗೆ ಹೋಗಿ ಬಾನೆಟ್ಟು ಎತ್ತಿದೆ.

ತೋಳು ತುಂಬ ಕರಿ ಗಟ್ಟಿಗಳನ್ನು ಹೊತ್ತು
ಹಿಮ ಕೊಡವುತ್ತ ಬಂದ ಸೂಲಗಿತ್ತಿಯನ್ನು
ಆಕೆಯ ಗಂಡ ಬಾಯಿ ಬಿಟ್ಟು ನೋಡಿದ:
‘ಎಂಜಿನ್ನನ್ನೇ ಬಿಚ್ಚಿ ತಂದಿರಾ ಸಿಸ್ಟರ್?’
ನೋವಿನಲ್ಲೂ ಡೋರೀನ್ ನಕ್ಕಳು.
ಕೂಸು ನಿಧಾನಕ್ಕೆ ಕೆಂಪಾಯಿತು.

ಬೆಳಗಿನ ಜಾವ, ಇಳಿಜಾರಿನಲ್ಲಿ,
ಭಾರ ಕಳೆದುಕೊಂಡ ಕಾರು
ನನ್ನ ಮಾತು ಕೇಳದೆ ಅರ್ಧ ಸುತ್ತು ತಿರುಗಿ
ಕಲ್ಲುಗೋಡೆಗೆ ಮೂತಿ ತಿಕ್ಕಿ ನಿಂತಿತು.
ಆ ತಗ್ಗನ್ನು ಕೊನೆಯವರೆಗೂ ಸರಿ ಮಾಡಿಸಲಿಲ್ಲ.
ಹೆಮ್ಮೆಗೆ ಅಂತ ಹೇಳಿಕೊಂಡು ತಿರುಗಿದೆ;
ದುಡ್ಡಿರಲಿಲ್ಲ ಎಂಬುದೂ ನಿಜ.

ಗುಜರಿಯವನು ಹದಿನೈದು ಪೌಂಡು ಕೊಟ್ಟ.
ಒಳಗೇನಾದರೂ ಬಿಟ್ಟಿದ್ದೀರಾ ಅಂದ.
ಬಾನೆಟ್ಟಿನ ಮೂಲೆಯಲ್ಲಿ ಬೆರಳು ಆಡಿಸಿದೆ.
ಉಗುರ ಸಂದಿಗೆ ಸಿಕ್ಕ ಕರಿಪುಡಿಯನ್ನು
ಎರಡು ದಿನ ತೊಳೆಯಲಿಲ್ಲ.

ಈಗಿನ ಕಾರಿಗೆ ಚೋಕಿಲ್ಲ, ಕೀಲಿಯೂ ಇಲ್ಲ.
ಗುಂಡಿ ಒತ್ತಿದರೆ ಏಳುತ್ತದೆ,
ಯಾವ ಭಾಷೆಯಲ್ಲೂ ಕರೆಯಬೇಕಿಲ್ಲ.
ಆದರೂ ಹೆಪ್ಪುಗಟ್ಟಿದ ಬೆಳಗುಗಳಲ್ಲಿ
ಎಡಗೈ ತಾನಾಗಿ ಸೀಟಿನ ಸಂದಿಗೆ ಇಳಿಯುತ್ತದೆ,
ತಡಕಾಡುತ್ತದೆ,
ಪೆಪ್ಪರ್‌ಮಿಂಟಿನ ಒಂದು ಖಾಲಿ ಕಾಗದ ಹಿಡಿದು
ಮೇಲೆ ಬರುತ್ತದೆ.