ಬಾಗಿಲಿಗೆ ಒತ್ತುಕೊಟ್ಟಿದ್ದ ಕಲ್ಲು

ಹತ್ತು ವರ್ಷ ಅದು ನಮ್ಮ ಲ್ಯಾಬಿನ ಬಾಗಿಲು ಕಾದಿತ್ತು,
ಜೋಗಿಮಟ್ಟಿಯ ಗಾಳಿಗೆ ಕದ ಹೊಡೆಯದಂತೆ.
ಇಂಗಳದಾಳದ ಗಣಿ ಮುಚ್ಚಿದ ದಿನ
ಅಟೆಂಡರ್ ಪಾಲಯ್ಯ ಟವೆಲಿನಲ್ಲಿ ಸುತ್ತಿ ತಂದದ್ದಂತೆ.
ಮುರಿದ ಕಡೆ ಹಿತ್ತಾಳೆ. ತೊಳೆದರೆ ನವಿಲು.

ತಸ್ಮಿಯಾ ಅದಕ್ಕೆ ಮೂವತ್ತೆರಡು ಸೂಜಿ ಒತ್ತಿದಳು.
'ಸರ್ಕ್ಯೂಟು ನಾವು ಬರೆಯೋದು ಬೇಡ ಮೇಡಂ, ಅದೇ ಬೆಳೀಲಿ.'
ಯಾವ ಸೂಜಿಗೆ ಎಷ್ಟು ವೋಲ್ಟು,
ಕಣ್ಣುಮುಚ್ಚಿ ಬರೆದ ನಲವತ್ತು ಚೀಟಿ.
ಎರಡು ದನಿ ಕೊಡುತ್ತೇವೆ, ಒಂದು ಸಣ್ಣ, ಒಂದು ದಪ್ಪ;
ಯಾವುದು ಯಾವುದೆಂದು ಕಲ್ಲು ಹೇಳಬೇಕು.
ತಪ್ಪಿದ ಚೀಟಿ ಸಾಯುತ್ತದೆ,
ತುಸು ಕಡಿಮೆ ತಪ್ಪಿದ್ದು ಮರಿ ಹಾಕುತ್ತದೆ,
ಮರಿಗೆ ಅಪ್ಪನದಿಷ್ಟು, ಅವ್ವನದಿಷ್ಟು,
ಮೇಲೆ ಯಾರದೂ ಅಲ್ಲದ ಒಂದು ಚೂರು ಹುಚ್ಚು.

ಚಳ್ಳಕೆರೆಯ ನನ್ನ ಸೋದರತ್ತೆ ಬೀಜದ ಶೇಂಗಾ ಆರಿಸುವಾಗ
ಮೊರದಲ್ಲಿ ಇದನ್ನೇ ಮಾಡುತ್ತಿದ್ದಳು.
ಅವಳಿಗೆ ನಾಲಿಗೆಯಿತ್ತು. ನಮಗೆ ಪರದೆಯ ಮೇಲೊಂದು ಅಂಕಿ.

ಇನ್ನೂರನೇ ತಲೆಮಾರಿನವರೆಗೂ ಕಲ್ಲು ಕಲ್ಲೇ.
ಮುನ್ನೂರ ಹನ್ನೆರಡರಲ್ಲಿ, ರಾತ್ರಿ ಎರಡೂವರೆಗೆ,
ಸಣ್ಣದಕ್ಕೆ ಸೊನ್ನೆ, ದಪ್ಪದಕ್ಕೆ ಒಂದು.
ಮತ್ತೆ. ಮತ್ತೆ.
ನೂರಕ್ಕೆ ತೊಂಬತ್ತೇಳು ಸಲ.
ಯಾರಿಗೂ ಫೋನು ಮಾಡಲಿಲ್ಲ. ಫ್ಲಾಸ್ಕಿನಲ್ಲಿ ಆರಿದ್ದ ಚಹಾ ಕುಡಿದೆವು.
ಹೇಗೆಂದು ಕೇಳಬೇಡಿ. ಕರೆಂಟು ಯಾವ ಸೀಳಿನಲ್ಲಿ ಹೊರಳಿತು,
ಎಲ್ಲಿ ತಡೆದು ನಿಂತು ಯೋಚಿಸಿತು,
ಮೀಟರಿಗೂ ಗೊತ್ತಿಲ್ಲ.

ಬೆಳಿಗ್ಗೆ ಸೆಮಿನಾರ್ ಹಾಲಿನಲ್ಲಿ, ಪ್ರಿನ್ಸಿಪಾಲರ ಎದುರು,
ಅದಕ್ಕೆ ಏನೂ ನೆನಪಿರಲಿಲ್ಲ.

ಮೂರು ದಿನ ಹುಡುಕಿದೆವು: ಸೂಜಿ, ಬೆಸುಗೆ, ತೇವ, ಕೈಬೆವರು.
ಕಸ ಗುಡಿಸುತ್ತಲೇ ಪಾಲಯ್ಯ ಅಂದ,
'ಆ ಟ್ಯೂಬ್‌ಲೈಟು ಇಲ್ಲೇ ಉಳ್ಕಂಡಿತ್ತಲ್ಲ ಮೇಡಂ.'
ಮೂಲೆಯಲ್ಲಿ ಝುಂಯ್ ಎನ್ನುವ ಹಳೇ ಚೋಕು!
ಬದಲಿಸಿಕೊಡಿ ಎಂದು ನಾನೇ ಎರಡು ಅರ್ಜಿ ಬರೆದದ್ದು.
ಕಲ್ಲು ಅದನ್ನೂ ಲೆಕ್ಕಕ್ಕೆ ಹಿಡಿದಿತ್ತು;
ನಾವು ಕಿರಿಕಿರಿಯೆಂದದ್ದಕ್ಕೆ ಬೆನ್ನು ಕೊಟ್ಟು ಕೂತಿತ್ತು.

'ಗಣಿಯಾಗೂ ಹಂಗೇ. ನೀರೆತ್ತೋ ಪಂಪು ಸದ್ದು ನಿಲ್ಲಿಸಿದ್ರೆ
ಕೈ ದಾರಿ ಮರೀತಿತ್ತು.'

ವರದಿಯ ಕೊನೆಗೆ ತಸ್ಮಿಯಾ ಸಾಮಗ್ರಿ ಪಟ್ಟಿ ಬರೆದಳು:
ಕಲ್ಲು ಒಂದು, ಸೂಜಿ ಮೂವತ್ತೆರಡು,
ಕೆಟ್ಟ ಟ್ಯೂಬ್‌ಲೈಟ್ ಒಂದು, ರಿಪೇರಿ ಮಾಡತಕ್ಕದ್ದಲ್ಲ.

ಬಾಗಿಲಿಗೆ ಈಗ ಇಟ್ಟಿಗೆ ಇಟ್ಟಿದ್ದೇವೆ.
ಗಾಳಿ ಜೋರಾದರೆ ಸರಿದುಹೋಗುತ್ತದೆ.