ಕಣದಲ್ಲಿ ಲಂಗರು

ಸಣ್ಣ ಹಡಗು. ಇಪ್ಪತ್ತನಾಲ್ಕೇ ಕೋಣೆ.
ಕೊಚ್ಚಿಯಿಂದ ಹೊರಟು ಏಳು ರಾತ್ರಿ,
ದೊಡ್ಡ ಹಡಗು ನುಸುಳಲಾರದ ದ್ವೀಪಗಳ ಸಂದಿಯಲ್ಲಿ.
ಈಜುಕೊಳ ಇಲ್ಲ, ಲಿಫ್ಟಿಲ್ಲ, ಇಸ್ಪೀಟಿನ ಮೇಜಿಲ್ಲ,
ರಾತ್ರಿ ಕುಣಿಯುವವರೂ ಇಲ್ಲ.
ಇಲ್ಲಗಳಿಗೇ ಇಷ್ಟು ದುಡ್ಡೇ, ಎಂದರು ಉತ್ತಯ್ಯ
ಕನ್ನಡಕ ಹಣೆಗೇರಿಸಿ.

ತಲೆಗೆ ಎರಡು ಲಕ್ಷ ಎಂಬತ್ತು ಸಾವಿರ.
ಇವರ ಲೆಕ್ಕ ರೂಪಾಯಿಯಲ್ಲಿ ನಿಲ್ಲುವುದಿಲ್ಲ.
ಇಪ್ಪತ್ತೆರಡು ವರ್ಷ ಪಲ್ಟಣದ ಉಗ್ರಾಣ ನೋಡಿದವರು;
ಬೇಳೆ, ಬೂಟು, ಹೇಸರಗತ್ತೆಯ ಲಾಳ,
ಯಾವುದನ್ನೂ ಇನ್ನೊಂದಕ್ಕೆ ಬದಲಿಸಿ ನೋಡುವ ಚಟ.
ಇಬ್ಬರಿಗೆ, ಒಂದು ರಾತ್ರಿಗೆ, ಎಂಟು ಮೂಟೆ ಚೆರಿ.
ಎಂಟು ಮೂಟೆ ಒಟ್ಟಿ ಅದರ ಮೇಲೆ ಮಲಗಿದರೆ
ಆ ಎತ್ತರಕ್ಕೇ ಕಡಲು ಕಂಡೀತು, ಎಂದರು.

ನಾನು ನಗಲಿಲ್ಲ.
ಆ ಪದದ ಜೊತೆ ನನಗೆ ಹಳೆಯ ವ್ಯವಹಾರವಿದೆ.
ಕಕ್ಕಬ್ಬೆಯ ತಿರುವಿನಲ್ಲಿ ನಮ್ಮ ಬೋರ್ಡು:
ಲಕ್ಷುರಿ ಹೋಮ್‌ಸ್ಟೇ, ಮೂರು ಕೋಣೆ.
ಬರೆದವನು ನಾಪೋಕ್ಲಿನ ಹಂಝ, ಅಕ್ಷರಕ್ಕೆ ಇಷ್ಟೆಂದು ಅವನ ದರ.
ಲಕ್ಷುರಿ ಬೇಕಾ ಅಕ್ಕ, ಬಿಟ್ಟರೆ ಮೂರಕ್ಷರ ಉಳಿಯುತ್ತದೆ, ಎಂದ.
ಹಾಕು ಎಂದೆ.
ಆ ಮೂರಕ್ಷರಕ್ಕೆ ಕೋಣೆಯ ಬಾಡಿಗೆ ಸಾವಿರ ಏರಿತು.
ಹಾಸಿಗೆ ಅದೇ, ಗೀಸರಿನ ಕೆಮ್ಮೂ ಅದೇ.

ಆಮೇಲೆ ಬಂದವರು ಅದನ್ನೇ ಹಿಡಿದುಕೊಂಡು ಬಂದರು.
ಲಕ್ಷುರಿ ಅಂತೀರಿ, ಟಿವಿ ಎಲ್ಲಿ?
ಲಕ್ಷುರಿ ಅಂತೀರಿ, ಜಿಗಣೆ ಯಾಕೆ?
ಒಬ್ಬಾಕೆ ಮಾತ್ರ ಮೂರು ದಿನ
ಗಂಜಿ ಕುಡಿದು, ಕೋಣೆ ಬಿಟ್ಟು ಹೊರಬರದೆ ಇದ್ದು
ಹೊರಡುವಾಗ ನನ್ನ ಕೈ ಹಿಡಿದು
ಇಲ್ಲಿ ಯಾರೂ ನನ್ನನ್ನು ಏನೂ ಕೇಳಲಿಲ್ಲ, ಎಂದು ಅತ್ತಳು.
ಅದಕ್ಕೆ ನಾನು ಬಿಲ್ಲಿನಲ್ಲಿ ಏನೂ ಹಾಕಿರಲಿಲ್ಲ.

ಹಡಗಿನ ಕೋಣೆ ಎಷ್ಟಂತೆ?
ಹನ್ನೊಂದಡಿ, ಹದಿಮೂರಡಿ.
ಕಾಗದದ ಮಾತು ನಂಬುವವರಲ್ಲ ಇವರು.
ಸಂಜೆ ಕಣದ ಮೂಲೆಯಲ್ಲಿ ಹಣ್ಣು ಬದಿಗೊತ್ತಿ
ಟೇಪು ಹಿಡಿದು ಸೀಮೆಸುಣ್ಣದಲ್ಲಿ ಗೀಚಿದರು.
ಇಲ್ಲಿ ಮಂಚ. ಇದು ಬಚ್ಚಲು. ಇದು ಗುಂಡುಕಿಟಕಿ.
ನೆಲದ ಮೇಲೆ ಬರೆದದ್ದಕ್ಕೆ
ಕಿಟಕಿ ಆಕಾಶ ನೋಡುತ್ತ ಬಿದ್ದಿತ್ತು.
ನಾಯಿ ನೇರ ಹೋಗಿ ಬಚ್ಚಲಲ್ಲಿ ಮಲಗಿತು.
ಎರಡು ಪ್ಲಾಸ್ಟಿಕ್ ಕುರ್ಚಿ ತಂದು ಕೂತೆವು, ಮೊಣಕಾಲಿಗೆ ಮೊಣಕಾಲು.
ನಮ್ಮ ಜಗಲಿಯೇ ಇದಕ್ಕಿಂತ ದೊಡ್ಡದು, ಎಂದರು.
ಹೌದು, ಗುಡಿಸುವವಳು ನಾನು, ಎಂದೆ.

ಸುತ್ತ ಒಣಗುವ ಹಣ್ಣಿನ ಹುಳಿವಾಸನೆ.
ತಡಿಯಂಡಮೋಳಿನ ನೆತ್ತಿಯಲ್ಲಿ ಬೆಳಕು ಇನ್ನೂ ಇತ್ತು.
ದೊಡ್ಡ ಹಡಗು ಅಲುಗುವುದಿಲ್ಲವಂತೆ, ದುಡ್ಡೂ ಅರ್ಧ, ಎಂದರು.
ಮೂರು ಸಾವಿರ ಜನಕ್ಕೆ ಅಟ್ಟವರು
ಯಾರಿಗೂ ಅಟ್ಟಿರುವುದಿಲ್ಲ, ಎಂದೆ.
ಇದರಲ್ಲಿ ನಲವತ್ತೆಂಟು.
ಮೂರನೆಯ ದಿನಕ್ಕೆ ಅಡುಗೆಯವನಿಗೆ ಗೊತ್ತಾಗುತ್ತದೆ
ಯಾರಿಗೆ ಖಾರ ಆಗದು, ಯಾರು ಕಾಫಿಗೆ ಬೆಲ್ಲ ಕೇಳುತ್ತಾರೆ.
ನನಗೆ ಗೊತ್ತಾಗುತ್ತದಲ್ಲ, ಹಾಗೆ.
ಇವರು ಟೇಪನ್ನು ಎಳೆದು ಬಿಟ್ಟು, ಎಳೆದು ಬಿಟ್ಟು ಕೂತರು.

ಒಳಗೆ ಫೋನು ಹೊಡೆದುಕೊಳ್ಳತೊಡಗಿತು.
ಶನಿವಾರದ ನಾಲ್ವರಿರಬೇಕು,
ಬಿಸಿನೀರು ಇಪ್ಪತ್ತನಾಲ್ಕು ಗಂಟೆಯೂ ಇದೆಯೇ ಎಂದು ಕೇಳಲು.
ಎದ್ದೆ.
ಬಾಗಿಲು ಎಲ್ಲಿ ಬರೆದಿದ್ದೀರಿ, ಎಂದೆ.
ಬಾಗಿಲು ಬರೆಯುವುದನ್ನು ಮರೆತಿದ್ದರು.
ಮತ್ತೆ ಕೂತೆ. ಫೋನು ತಾನೇ ನಿಂತಿತು.

ಇಬ್ಬನಿಗೆ ಮೊದಲು ಹಣ್ಣಿನ ಮೇಲೆ ಟಾರ್ಪಾಲು ಎಳೆದೆವು.
ಹಡಗನ್ನು ಹಾಗೇ ಬಿಟ್ಟೆವು.

ಬೆಳಗ್ಗೆ ಕೆಲಸಕ್ಕೆ ಬಂದ ಚೋಮಿ
ಇದು ಯಾರ ಮನೆಯ ಪಾಯ, ಎಂದಳು.
ಹಡಗು, ಎಂದೆ. ಒಂದು ರಾತ್ರಿಗೆ ಎಂಟು ಮೂಟೆ.
ಗೆರೆಯ ಹೊರಗೇ ನಿಂತು ಒಳಗೆ ಬಗ್ಗಿ ನೋಡಿದಳು.
ಊಟ ಅವರದೇ?
ಅವರದೇ.
ಪಾತ್ರೆ ತೊಳೆಯುವುದು?
ಅದೂ ಅವರೇ.
ಅವಳು ಏನೂ ಹೇಳಲಿಲ್ಲ. ಗೋರುಹಲಗೆ ಎತ್ತಿಕೊಂಡು
ಕಣದ ತುಂಬ ಹಣ್ಣು ಹರಡಿದಳು,
ಮಂಚದ ಜಾಗ ಬಿಟ್ಟು.