ಚಟುವಟಿಕೆ: ಗೂಡು

ಭಾನುವಾರ ರಾತ್ರಿ ಅಡಿಕೋಲಿಟ್ಟು ಗೆರೆ ಎಳೆಯುತ್ತೇನೆ.
ಪಾಠಯೋಜನೆಯ ಉದ್ದ ಪುಸ್ತಕಕ್ಕೆ ಐದು ಕಾಲಂ:
ದಿನಾಂಕ, ವಿಷಯ, ಚಟುವಟಿಕೆ, ಕಲಿಕಾ ಫಲ, ಷರಾ.
ಷರಾ ಯಾವಾಗಲೂ ಖಾಲಿ,
ಅದು ಮೇಲಿನವರ ಜಾಗ.

ಒಂದೇ ಚಟುವಟಿಕೆಗೆ ಎಲ್ಲ ವಿಷಯದ ಕೊಂಡಿ ಹಾಕಿ, ಅಂದಿದ್ದರು
ತರಬೇತಿಯಲ್ಲಿ, ಚಿತ್ರಾನ್ನ ಉಂಡು ಕಣ್ಣೆಳೆಯುವ ಹೊತ್ತಿಗೆ.
ಕೊಂಡಿ ಎಲ್ಲಿಂದ ತರಲಿ?
ಶಿಡ್ಲಘಟ್ಟದ ಬಸ್ಸಿಳಿದು ಕೆರೆ ಏರಿಯ ಮೇಲೆ ಮೂರು ಕಿಲೋಮೀಟರು
ಹಿಪ್ಪುನೇರಳೆ ತೋಟಗಳ ನಡುವೆ ನಡೆದು ಬರುವವಳು,
ಒಂದು ಹುಳವನ್ನೂ ಮುಟ್ಟದವಳು ನಾನು.

ಬಂದ ಹೊಸತರಲ್ಲಿ ಚೌಡೇಶ ಎರಡು ದಿನ ನಾಪತ್ತೆ.
ಯಾಕೋ ಅಂದರೆ, "ನಾಲ್ಕನೇ ಜ್ವರ ಎದ್ದಿತ್ತು ಟೀಚರ್."
ಹಣೆ ಮುಟ್ಟಿ ನೋಡಿದೆ. ತಣ್ಣಗಿತ್ತು.
ತರಗತಿಗೆ ತರಗತಿಯೇ ಬಿದ್ದು ಬಿದ್ದು ನಕ್ಕಿತು:
ಜ್ವರ ಅವನಿಗಲ್ಲ, ಹುಳಕ್ಕೆ!
ಸೊಪ್ಪು ಬಿಟ್ಟು, ತಲೆಯೆತ್ತಿ, ಪೊರೆ ಕಳಚಲು ಸುಮ್ಮನೆ ಕೂರುವುದಕ್ಕೆ
ಇಲ್ಲಿ ಜ್ವರವೆಂದು ಹೆಸರು. ಎದ್ದ ಮೇಲಿನ ಅದರ ಹಸಿವಿಗೆ
ಮನೆಮಂದಿಯೆಲ್ಲ ಸೊಪ್ಪು ಕೊಯ್ದರೂ ಸಾಲದು.
ಆ ದಿನದ ಕಲಿಕಾ ಫಲ ನನ್ನದು.
ಬರೆಯಲು ಕಾಲಂ ಇರಲಿಲ್ಲ.

ಹಾಗಾಗಿ ಈ ಸಲ ಬರೆದೆ, ಚಟುವಟಿಕೆ: ಗೂಡು.
ಮನೆಯಿಂದ ತಲಾ ಐದು ತನ್ನಿ.

ಗಣಿತ. ಹದಿನೇಳು ಮಕ್ಕಳು, ಎಂಬತ್ತೈದಾಗಬೇಕು.
ತೊಂಬತ್ತೊಂದಾದವು. ಹುಸ್ನಾ ಹನ್ನೊಂದು ತಂದಿದ್ದಳು,
ಅವಳಮ್ಮ ಬಿಚ್ಚಾಣಿಕೆಗೆ ಬಾರದೆಂದು ಆರಿಸಿ ಎಸೆದ ಜೋಡಿ ಗೂಡುಗಳು.
"ಇದರೊಳಗೆ ಎರಡು ಹುಳ. ಒಂದು ಅಂತ ಎಣಿಸೋದಾ, ಎರಡು ಅಂತಲಾ?"
ಹತ್ತರ ಗುಂಪುಗಳು ನೆಲದ ಮೇಲೆ ಕಾದವು.
ಇದಕ್ಕೆ ಉತ್ತರ ನನ್ನ ಕೈಪಿಡಿಯಲ್ಲಿಲ್ಲ.

ಕನ್ನಡ. ಗೂಡು ಎಂದರೆ ಹಕ್ಕಿಯದು,
ಗೋಡೆಯಲ್ಲಿ ದೀಪವಿಡುವುದು, ಉಸಿರಾಡುವ ಎದೆಯದು.
ಜೂನ್‌ನಿಂದ ಬಾಯಿ ಬಿಡದೆ ಕಂಬಕ್ಕೊರಗಿ ಕೂರುತ್ತಿದ್ದ ಶಾಮಲ
ಗೂಡೊಂದನ್ನು ಕಿವಿಗೆ ಹಿಡಿದು ಅಲ್ಲಾಡಿಸಿ, ಮೆಲ್ಲಗೆ:
"ಗೂಡು. ಮಾ ಇಂಟ್ಲೋನೂ ಗೂಡೇ."
ಮನೆಯ ತೆಲುಗಿಗೂ ಶಾಲೆಯ ಕನ್ನಡಕ್ಕೂ ನಡುವೆ
ಒಂದು ಮಾತು ಬಾಗಿಲು ತಟ್ಟದೆ ಒಳಗೆ ಬಂದಿತ್ತು.
ಕೊಂಡಿ, ಅಂತ ನೆನಪಾಯಿತು ನನಗೆ. ಹೇಳಲಿಲ್ಲ.

ಪರಿಸರ ಅಧ್ಯಯನ ಮುಂದಕ್ಕೆ ಹೋಯಿತು.
ಎಣಿಸಿ ಮುಗಿದದ್ದನ್ನು ಬೀರುವಿಗೆ ಸುರಿದು, ಅದರ ಪಕ್ಕ
ಪುಸ್ತಕವನ್ನು ಬಿಚ್ಚಿಟ್ಟು ಬೀಗ ಹಾಕಿದೆ.
ಎರಡನೇ ಶನಿವಾರ, ಭಾನುವಾರ, ಮೇಲೊಂದು ಹಬ್ಬದ ರಜೆ.

ಬೀಗ ತೆಗೆದರೆ ಚಿಟ್ಟೆಗಳು!
ಹಾರಲಾರವು, ರೆಕ್ಕೆ ಬಡಿಯುತ್ತ ತಿರುಗುತ್ತಿದ್ದವು,
ಹಳೆ ಸೀಮೆಸುಣ್ಣದಂಥ ಬಿಳಿ.
ತೂತಾದ ಗೂಡುಗಳು ಮೂಲೆಯಲ್ಲಿ.
ನನ್ನ ಅಚ್ಚುಕಟ್ಟಾದ ಅಕ್ಷರಗಳ ಮೇಲೆ ಸಾಸಿವೆ ಚೆಲ್ಲಿದಂತೆ
ಹಳದಿ ಮೊಟ್ಟೆ. ಕಲಿಕಾ ಫಲದ ಗೆರೆ ದಾಟಿ
ಷರಾದ ಅಂಚಿನವರೆಗೆ.

ಅವತ್ತೇ ಬರಬೇಕೇ ಸಿ.ಆರ್.ಪಿ. ವೆಂಕಟರವಣಪ್ಪ?
ಪೆನ್ನು ತೆಗೆದವರು ಹಾಗೇ ನಿಂತರು.
"ಇದೇನಮ್ಮಾ?"
"ಮೊಟ್ಟೆ, ಸಾರ್."
"ನಾನೂರಾದರೂ ಇವೆ ಸಾರ್," ಚೌಡೇಶ.
"ಇವನ್ನ ಸಾಕಬಾರದು ಸಾರ್, ತಳಿ ಕೆಡುತ್ತೆ ಅಂತಾರೆ ನಮ್ಮಜ್ಜಿ."
"ಸಾಕೋಣ, ಸಾಕೋಣ," ಉಳಿದವರು.
ಕನ್ನಡಕ ತೆಗೆದು ಒರೆಸಿ, ಪುಟದ ತೀರಾ ಕೆಳಗೆ,
ಒಂದು ಮೊಟ್ಟೆಗೂ ತಗಲದ ಹಾಗೆ, ತುಂಬ ಸಣ್ಣಗೆ
ರುಜು ಹಾಕಿದರು. ಷರಾ ಬರೆಯಲು ಜಾಗವಿರಲಿಲ್ಲ.

ಮುಂದಿನ ವಾರಕ್ಕೆ ಬೇರೆ ಪುಸ್ತಕ ತರಬೇಕು.
ಬೋರ್ಡಿನ ಮೂಲೆಯಲ್ಲಿ ಯಾರೋ, ನಾನು ಹೇಳದೆಯೇ,
"ದಿನ ಒದು" ಅಂತ ಬರೆದಿದ್ದಾರೆ.
ಸೊನ್ನೆ ಬಿಟ್ಟುಹೋಗಿದೆ.
ಇವತ್ತಿಗೆ ತಿದ್ದಲಿಲ್ಲ.